ಬಿಳಿ ಚೀಟಿ, ಕೆಂಪು ಚೀಟಿ

2023ರ ಅಕ್ಟೋಬರ್‌ನಲ್ಲಿ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಗಾಜಾದ ಮೇಲೆ ಆಕಾಶದಿಂದ ಕಾಗದಗಳು ಉದುರುತ್ತಿದ್ದವು. ಲೆಕ್ಕವಿಲ್ಲದಷ್ಟು. ಗಾಳಿಗೆ ತಿರುಗುತ್ತಾ, ಬಿಸಿಲಿಗೆ ಹೊಳೆಯುತ್ತಾ, ನಿಧಾನವಾಗಿ ಇಳಿಯುತ್ತಿದ್ದವು. ಮನೆ ಬಿಟ್ಟು ದಕ್ಷಿಣಕ್ಕೆ ಹೋಗಿ ಅಂತ ಅದರಲ್ಲಿ ಅಚ್ಚಾಗಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಒಬ್ಬ ಹುಡುಗ. ಏಳೆಂಟು ವರ್ಷ ಇರಬಹುದು. ಒಂದು ಕಾಗದವನ್ನು ನೆಲ ಮುಟ್ಟುವ ಮೊದಲೇ ಹಿಡಿಯಬೇಕು ಅಂತ ಕೈ ಮೇಲೆತ್ತಿಕೊಂಡು ಓಡುತ್ತಿದ್ದ. ಆ ಓಟ ನನಗೆ ಚೆನ್ನಾಗಿ ಗೊತ್ತು. ನಾನೂ ಹಾಗೇ ಓಡಿದ್ದೇನೆ.

ನಮ್ಮೂರು ಹಿರಿಯೂರಿನ ಕಡೆ. ಟೂರಿಂಗ್ ಟಾಕೀಸಿನವರು ಹೊಸ ಪಿಕ್ಚರ್ ಬಂದಾಗಲೆಲ್ಲ ಜೀಪಿಗೆ ಮೈಕು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಜೀಪಿನ ಹಿಂದೆ ಕೂತವನು ಹಿಡಿ ಹಿಡಿ ನೋಟೀಸು ಗಾಳಿಗೆ ತೂರುತ್ತಿದ್ದ. ಗುಲಾಬಿ, ಹಳದಿ, ಹಸಿರು. ಬೆರಳು ಒದ್ದೆಯಿದ್ದರೆ ಹರಿದೇ ಹೋಗುವಷ್ಟು ತೆಳು ಕಾಗದ. ಧೂಳಲ್ಲಿ ಬಿದ್ದು ಎದ್ದು ನಾವು ಅದಕ್ಕೆ ಜಗಳ ಆಡುತ್ತಿದ್ದೆವು. ಒಂದೇ ಥರದ ಹತ್ತು ಸಿಕ್ಕಿದರೂ ಹನ್ನೊಂದನೆಯದು ಬೇಕು. ಮನೆಗೆ ತಂದರೆ ಅಜ್ಜಿ ಕೈ ಚಾಚುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಏನೈತೆ ಇದ್ರಾಗೆ?" ಅಂತ ಒಂದು ಸಲ ಕೇಳಿ, ನಾನು ಓದಿ ಮುಗಿಸುವ ಮೊದಲೇ ಅದನ್ನು ನೀಟಾಗಿ ಮಡಿಚಿ ಸೂರಿನ ಸಂದಿಗೆ ಸಿಕ್ಕಿಸುತ್ತಿದ್ದಳು. ಅಚ್ಚಾದ ಕಾಗದ ಅಂದರೆ ಅವಳಿಗೆ ಒಂಥರಾ ಭಯಭಕ್ತಿ. ಒಲೆಗೆ ಹಾಕೋ ಹಾಗಿಲ್ಲ, ತುಳಿಯೋ ಹಾಗಿಲ್ಲ.

ಅದೇ ಸೂರಿನ ಸಂದಿಗೆ ಒಂದು ದಿನ ಇನ್ನೊಂದು ಕಾಗದ ಸೇರಿತು. ತಾತ ಬದುಕಿದ್ದಾಗ ಬಾವಿ ತೋಡಿಸೋಕೆ ಅಂತ ಮಾಡಿದ್ದ ಸಾಲ ಇತ್ತು. ಸಾಲ ಕೊಟ್ಟ ಕಚೇರಿಯಿಂದ ಒಬ್ಬ ಬಂದು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಗದ ಕೈಗಿಟ್ಟು ಹೋದ. ಅಪ್ಪ ಕೆಲಸದ ಮೇಲೆ ದಾವಣಗೆರೆಯಲ್ಲಿದ್ದರು. ನಾನು ಶಾಲೆಯಲ್ಲಿದ್ದೆ. ಅಜ್ಜಿ ಅದನ್ನು ಸಿನಿಮಾ ನೋಟೀಸುಗಳ ಜೊತೆಗೇ ಮಡಿಚಿಟ್ಟಳು. ಸಂಜೆ ನನ್ನ ಕೈಲಿ ಓದಿಸಬೇಕು ಅಂತ ಇತ್ತಂತೆ. ಮರೆತುಹೋಯಿತು.

ಮೂರು ವಾರ ಕಳೆದ ಮೇಲೆ ಜಪ್ತಿಗೆ ಬಂದರು. ನಮ್ಮ ಮನೆಯಲ್ಲಿ ಬೆಲೆ ಬಾಳುವ ವಸ್ತು ಒಂದೇ, ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆ. ಅಜ್ಜಿ ತವರಿಂದ ತಂದದ್ದು. ಬೆಳಗಿನ ನೀರು ಅದರಲ್ಲಿ ಇನ್ನೂ ಬೆಚ್ಚಗಿತ್ತು. ಇಬ್ಬರು ಸೇರಿ ಅದನ್ನು ಬಗ್ಗಿಸಿ ನೀರೆಲ್ಲ ಅಂಗಳಕ್ಕೆ ಚೆಲ್ಲಿದರು. ಮಸಿ ಮೈಗೆ ತಾಗದ ಹಾಗೆ ಗೋಣಿಚೀಲ ಸುತ್ತಿ ಎತ್ತಿಕೊಂಡು ಹೋದರು. ಒಲೆಯ ಬಾಯಿ ದುಂಡಗೆ, ಕಪ್ಪಗೆ, ಬೂದಿ ತುಂಬಿಕೊಂಡು ಹಾಗೇ ತೆರೆದುಕೊಂಡಿತ್ತು. ಅಜ್ಜಿ ಕೂಗಾಡಲಿಲ್ಲ. "ಮೊದ್ಲೇ ಒಂದು ಮಾತು ಹೇಳಬಾರದಿತ್ತೇನಪ್ಪ" ಅಂದಳು ಅಷ್ಟೆ. ಬಂದಿದ್ದವನು ಒಳ್ಳೆಯವನೇ ಇರಬೇಕು, ದನಿ ಏರಿಸಲಿಲ್ಲ. "ನೋಟೀಸ್ ಕೊಟ್ಟಿದ್ದೀವಲ್ಲಮ್ಮ. ಹೆಬ್ಬೆಟ್ಟು ಒತ್ತಿದ್ದೀಯಲ್ಲ" ಅಂದ.

ಹಂಡೆಯನ್ನೂ ಬಾಂಬನ್ನೂ ಪಕ್ಕಪಕ್ಕ ಇಡೋದು ಸರಿಯಲ್ಲ ಅಂತ ಗೊತ್ತು. ಆದರೆ ಬ್ರಿಟಿಷರು ನೂರು ವರ್ಷದ ಹಿಂದೆ ಇರಾಕನ್ನು, ಅಫ್ಘನ್ ಗಡಿಯ ವಜೀರಿಸ್ತಾನವನ್ನು ವಿಮಾನದಿಂದ ಹೇಗೆ ಆಳಿದರು ಅಂತ ಓದುತ್ತಾ ಹೋದ ಹಾಗೆ ಆ ಮಾತು ಮತ್ತೆ ಮತ್ತೆ ಕಿವಿಗೆ ಬಿತ್ತು. ಅಲ್ಲೂ ಬಾಂಬು ಬೀಳುವ ಮೊದಲು ಚೀಟಿ ಬೀಳುತ್ತಿತ್ತು. ಮೊದಲು ಬಿಳಿ ಚೀಟಿ, ಆಮೇಲೆ ಕೆಂಪು ಚೀಟಿ.

ಅಗ್ಗದ ಆಳ್ವಿಕೆ

ಈ ಕತೆಗೆ ಬೆಂಗಳೂರಿನ ಒಂದು ಎಳೆ ಇದೆ. ಬೆಂಗಳೂರು ಕ್ಲಬ್ಬಿನಲ್ಲಿ ವಿನ್ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿಕೊಂಡು ಹೋದ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ನಗುತ್ತಾ ಹೇಳುತ್ತೇವೆ. ಆದರೆ 1897ರಲ್ಲಿ ಅದೇ ಹುಡುಗ, 22 ವರ್ಷದ ಕುದುರೆ ಪಡೆಯ ಅಧಿಕಾರಿ, ಬೆಂಗಳೂರು ಕಂಟೋನ್ಮೆಂಟಿನಿಂದ ರೈಲು ಹತ್ತಿ ವಾಯವ್ಯ ಗಡಿಯ ಮಲಾಕಂಡಕ್ಕೆ ಹೋದ. ಅಲ್ಲಿ ಮಾಮುಂದ್ ಕಣಿವೆಯಲ್ಲಿ ಬ್ರಿಟಿಷ್ ಸೈನ್ಯ ಒಂದೊಂದೇ ಹಳ್ಳಿಯನ್ನು ಸರದಿಯ ಮೇಲೆ ನಾಶ ಮಾಡಿದ್ದನ್ನು ಕಣ್ಣಾರೆ ಕಂಡ. ಮನೆ ಕೆಡವಿದ್ದು, ಬಾವಿ ಮುಚ್ಚಿದ್ದು, ನೆರಳು ಕೊಡುವ ದೊಡ್ಡ ಮರಗಳನ್ನು ಕಡಿದದ್ದು, ಬೆಳೆ ಸುಟ್ಟದ್ದು, ಕಟ್ಟೆ ಒಡೆದದ್ದು ಎಲ್ಲವನ್ನೂ ಮುಂದೆ ತಾನೇ ಬರೆದಿದ್ದಾನೆ. ಬಾವಿ ಮುಚ್ಚುವುದು ಅಂದರೆ ಏನು ಅಂತ ಚಿತ್ರದುರ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತೆರಡು ವರ್ಷದ ನಂತರ, 1919ರಲ್ಲಿ, ಅವನು ಯುದ್ಧ ಮತ್ತು ವಾಯು ಇಲಾಖೆಗಳ ಮಂತ್ರಿ. ಮೊದಲ ಮಹಾಯುದ್ಧ ಮುಗಿದಿತ್ತು, ಬೊಕ್ಕಸ ಬರಿದಾಗಿತ್ತು. ಸಾಮ್ರಾಜ್ಯ ಮಾತ್ರ ಮೊದಲಿಗಿಂತ ದೊಡ್ಡದಾಗಿತ್ತು. ಸೈನ್ಯ ಕಳಿಸೋಕೆ ದುಡ್ಡಿಲ್ಲ, ಬಿಟ್ಟುಕೊಡೋಕೆ ಮನಸ್ಸಿಲ್ಲ. ಆ ಹೊತ್ತಿಗೆ ವಾಯುಪಡೆಗೂ ಒಂದು ಕೆಲಸ ಬೇಕಾಗಿತ್ತು. ಅದು ಹುಟ್ಟಿದ್ದೇ 1918ರಲ್ಲಿ. ಭೂಸೇನೆ, ನೌಕಾಪಡೆಗಳೆರಡೂ ಅದನ್ನು ನುಂಗಿಹಾಕೋಕೆ ಕಾದಿದ್ದವು. ಅದರ ಮುಖ್ಯಸ್ಥ ಹ್ಯೂ ಟ್ರೆಂಚಾರ್ಡ್ ತನ್ನ ಪಡೆ ಉಳಿಯಬೇಕಾದರೆ ಅದು ಅಗ್ಗ ಅಂತ ತೋರಿಸಬೇಕಿತ್ತು.

ಮೊದಲ ಪರೀಕ್ಷೆ ಆಫ್ರಿಕಾದ ಸೊಮಾಲಿಲ್ಯಾಂಡಿನಲ್ಲಿ ನಡೆಯಿತು. ಇಪ್ಪತ್ತು ವರ್ಷ ಬ್ರಿಟಿಷರಿಗೆ ತಲೆಬಾಗದ ಮಹಮ್ಮದ್ ಅಬ್ದುಲ್ಲಾ ಹಸನ್ ಮೇಲೆ 1920ರ ಜನವರಿಯಲ್ಲಿ 12 ವಿಮಾನ ಕಳಿಸಿದರು. ಕೆಲವೇ ವಾರಗಳಲ್ಲಿ ಅವನ ಕೋಟೆಗಳು ಬಿದ್ದವು. ನೆಲದ ಮೇಲೆ ಒಂಟೆ ಪಡೆಯೂ ಕಾದಾಡಿತ್ತು, ಆದರೆ ಹೆಸರು ಬಂದದ್ದು ವಿಮಾನಕ್ಕೆ. ಖರ್ಚು ಒಂದು ಲಕ್ಷ ಪೌಂಡನ್ನೂ ಮುಟ್ಟಲಿಲ್ಲ ಅಂತ ಲಂಡನ್ನಿನಲ್ಲಿ ಹಿಗ್ಗಿದರು. ಅದೇ ವರ್ಷ ಇರಾಕಿನಲ್ಲಿ ದೊಡ್ಡ ದಂಗೆ ಎದ್ದಿತು. ಭಾರತದಿಂದಲೂ ಸೈನ್ಯ ತರಿಸಿ ಅದನ್ನು ಅಡಗಿಸೋಕೆ ಸುಮಾರು 4 ಕೋಟಿ ಪೌಂಡ್ ಸುರಿಯಬೇಕಾಯಿತು. ಎರಡು ಲೆಕ್ಕಗಳನ್ನು ಪಕ್ಕದಲ್ಲಿ ಇಟ್ಟು ನೋಡಿದರು. 1921ರ ಮಾರ್ಚ್‌ನಲ್ಲಿ ಚರ್ಚಿಲ್ ಕೈರೋದಲ್ಲಿ ಸಭೆ ಕರೆದ. 1922ರ ಅಕ್ಟೋಬರ್ 1ರಂದು ಇರಾಕಿನ ಕಾವಲು ಪೂರ್ತಿ ವಾಯುಪಡೆಯ ಕೈಗೆ ಹೋಯಿತು. ಎಂಟು ಸ್ಕ್ವಾಡ್ರನ್ ವಿಮಾನ, ಒಂದಿಷ್ಟು ಶಸ್ತ್ರಸಜ್ಜಿತ ಕಾರು, ಸ್ವಲ್ಪ ಕಾಲಾಳು ಪಡೆ. ಒಂದು ದೇಶ ಆಳೋಕೆ ಅಷ್ಟು ಸಾಕು ಅಂತಾಯಿತು.

ಇದಕ್ಕೆ ಅವರು ಕೊಟ್ಟ ಹೆಸರು ಏರ್ ಕಂಟ್ರೋಲ್. ಪೊಲೀಸ್ ಕೆಲಸ ಅಂತಲೂ ಕರೆಯುತ್ತಿದ್ದರು. ಈ ಪದದ ಹತ್ತಿರ ನಾನು ತುಂಬಾ ಹೊತ್ತು ನಿಂತಿದ್ದೇನೆ. ಪೊಲೀಸಿನವನಿಗೆ ಕಳ್ಳನ ಹೆಸರು ಗೊತ್ತಿರುತ್ತೆ, ಅಪ್ಪನ ಹೆಸರು ಗೊತ್ತಿರುತ್ತೆ, ಎಷ್ಟನೇ ಮನೆ ಅಂತ ಗೊತ್ತಿರುತ್ತೆ. ಗೊತ್ತಿಲ್ಲದಿದ್ದರೆ ಕೇಳುತ್ತಾನೆ. ಸಾವಿರಾರು ಅಡಿ ಮೇಲಿಂದ ನೋಡುವವನಿಗೆ ಮನುಷ್ಯ ಕಾಣೋದಿಲ್ಲ, ಊರು ಕಾಣುತ್ತೆ. ಹಾಗಾಗಿ ಶಿಕ್ಷೆಯೂ ಊರಿಗೇ. ಬಂದೂಕು ಕದ್ದವನು ಒಬ್ಬ, ತೆರಿಗೆ ಕೊಡಲ್ಲ ಅಂದವನು ಒಬ್ಬ, ಮನೆ ಬಿದ್ದದ್ದು ಎಲ್ಲರದ್ದೂ. ತೆರಿಗೆ ಅಂದಾಗ ನೆನಪಾಯಿತು. ಈಗಿನ ನಮೀಬಿಯಾದ ದಕ್ಷಿಣದಲ್ಲಿ ಬೊಂಡೆಲ್‌ಸ್ವಾರ್ಟ್ಸ್ ಅನ್ನುವ ದನಗಾಹಿ ಜನ ಇದ್ದರು. ಅವರ ನಾಯಿಗಳ ಮೇಲೆ ದಕ್ಷಿಣ ಆಫ್ರಿಕಾದ ಆಡಳಿತ ತೆರಿಗೆ ಹಾಕಿತು. ಮಂದೆ ಕಾಯೋಕೆ, ಬೇಟೆಗೆ ಅವರಿಗೆ ನಾಯಿ ಬೇಕೇ ಬೇಕು. ಕಟ್ಟೋಕೆ ದುಡ್ಡಿಲ್ಲ. 1922ರಲ್ಲಿ ಅವರ ಮೇಲೆ ವಿಮಾನದಿಂದ ಬಾಂಬ್ ಹಾಕಿದರು. ಆ ಕಾರ್ಯಾಚರಣೆಯಲ್ಲಿ ಸುಮಾರು 100 ಜನ ಸತ್ತರು. ಜಗಳದ ಬೇರಿನಲ್ಲಿದ್ದದ್ದು ನಾಯಿ ತೆರಿಗೆ.

ಚೀಟಿ ಬಿದ್ದ ಮೇಲೆ

ಬಿಳಿ, ಕೆಂಪು ಚೀಟಿಯ ಪದ್ಧತಿ ಬಲಿತದ್ದು ವಜೀರಿಸ್ತಾನದಲ್ಲಿ. ಅಫ್ಘನ್ ಗಡಿಗೆ ಅಂಟಿಕೊಂಡ ಬೆಟ್ಟ, ಕಣಿವೆ, ಒಣ ಹಳ್ಳಗಳ ನಾಡು. ಈಗ ಪಾಕಿಸ್ತಾನದಲ್ಲಿದೆ. ವಜೀರರು, ಮಹ್ಸೂದರು ಅನ್ನುವ ಪಖ್ತೂನ್ ಪಂಗಡಗಳು ಅಲ್ಲಿಯ ಜನ. ಕಣಿವೆಯ ತಳದಲ್ಲಿ ಒಂದಿಷ್ಟು ಗೋಧಿ, ಮುಸುಕಿನ ಜೋಳ. ಉಳಿದಂತೆ ಕುರಿ, ಮೇಕೆ.

1925ರ ಮಾರ್ಚ್ 9ರಿಂದ ಮೇ 1ರವರೆಗೆ ಮಹ್ಸೂದರ ಕೆಲವು ಪಂಗಡಗಳ ಮೇಲೆ ಬರೀ ವಿಮಾನಗಳಿಂದಲೇ ಒಂದು ಯುದ್ಧ ನಡೆಯಿತು. ಭೂಸೇನೆ ಕಾಲಿಡಲಿಲ್ಲ. ಮುನ್ನಡೆಸಿದವನು ವಿಂಗ್ ಕಮಾಂಡರ್ ರಿಚರ್ಡ್ ಪಿಂಕ್. ಅವನ ಹೆಸರಲ್ಲೇ ಅದನ್ನು ಪಿಂಕ್ಸ್ ವಾರ್ ಅಂತಾರೆ. 54 ದಿನ. ಬ್ರಿಟಿಷರ ಕಡೆ ಒಂದು ವಿಮಾನ ಬಿತ್ತು, ಇಬ್ಬರು ವೈಮಾನಿಕರು ಸತ್ತರು. 46 ಅಧಿಕಾರಿಗಳಿಗೆ, 214 ಸಿಬ್ಬಂದಿಗೆ ಪದಕ ಕೊಟ್ಟರು. ಈ ಸಂಖ್ಯೆಗಳೆಲ್ಲ ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಸತ್ತ ಆ ಇಬ್ಬರ ಹೆಸರು ಸಿಗುತ್ತೆ. ಕೆಳಗೆ ಸತ್ತವರ ಬಗ್ಗೆ ಅಂಥ ಒಂದು ಪಟ್ಟಿಯೂ ಇಲ್ಲ. ಯಾರಾದರೂ ಇಳಿದು ಹೋಗಿ ಎಣಿಸಿದ್ದರೆ ತಾನೇ ಇರೋದು?

1936ರಿಂದ ಇಪಿಯ ಫಕೀರ ಅಂತ ಹೆಸರಾದ ಮಿರ್ಜಾಲಿ ಖಾನ್ ಬಂಡಾಯ ಎದ್ದಾಗ ಈ ಪದ್ಧತಿ ಇನ್ನೂ ನಿಕ್ಕಿಯಾಯಿತು. ಅದು ನಡೆಯುತ್ತಿದ್ದ ರೀತಿ ಹೀಗೆ. ಮೊದಲು ಪೊಲಿಟಿಕಲ್ ಏಜೆಂಟ್, ಅಂದರೆ ಆ ಸೀಮೆ ನೋಡಿಕೊಳ್ಳುವ ಬ್ರಿಟಿಷ್ ಅಧಿಕಾರಿ, ಆ ಪಂಗಡದ ಹಿರಿಯರಿಗೆ ಹೇಳಿ ಕಳಿಸುತ್ತಾನೆ. ಇಷ್ಟು ಬಂದೂಕು ಒಪ್ಪಿಸಿ, ಇಷ್ಟು ದಂಡ ಕಟ್ಟಿ, ಇಂಥವನಿಗೆ ಆಶ್ರಯ ಕೊಡಬೇಡಿ. ಕೇಳದಿದ್ದರೆ ಬಿಳಿ ಚೀಟಿ ಬೀಳುತ್ತೆ. ಆಮೇಲೂ ಕೇಳದಿದ್ದರೆ ಬಾಂಬಿಗೆ ಒಂದು ದಿನ ಮುಂಚೆ ಕೆಂಪು ಚೀಟಿ. ಇಂಥಲ್ಲಿಂದ ಇಂಥಲ್ಲಿಯವರೆಗಿನ ಜಾಗ ಬಿಟ್ಟು ಹೋಗಿ. ಗಡುವು ದಾಟಿದ ಮೇಲೆ ಆ ಗೆರೆಯೊಳಗೆ ಓಡಾಡುವುದು ಏನೇ ಇರಲಿ, ಮನುಷ್ಯನಾಗಲಿ, ದನವಾಗಲಿ, ಗುರಿ.

ಕೊಲ್ಲುವುದು ನಮ್ಮ ಉದ್ದೇಶವಲ್ಲ, ಬದುಕು ನಡೆಯದ ಹಾಗೆ ಮಾಡುವುದಷ್ಟೆ ಅಂತ ವಾಯುಪಡೆಯವರು ವಾದಿಸುತ್ತಿದ್ದರು. ಇದನ್ನು ತಲೆಕೆಳಗಾದ ದಿಗ್ಬಂಧನ ಅಂತ ಕರೆದರು. ಕೋಟೆಗೆ ಮುತ್ತಿಗೆ ಹಾಕಿದರೆ ಒಳಗಿನವರು ಹೊರಗೆ ಬರೋ ಹಾಗಿಲ್ಲ. ಇಲ್ಲಿ ಹೊರಗೆ ಹೋದವರು ಮನೆಯೊಳಗೆ ಕಾಲಿಡೋ ಹಾಗಿಲ್ಲ. ಜನ ಬೆಟ್ಟದ ಗುಹೆಗಳಿಗೆ ಹೋಗಿ ಸೇರಿಕೊಳ್ಳುತ್ತಿದ್ದರು. ಹಗಲೆಲ್ಲ ವಿಮಾನ. ರಾತ್ರಿ ಕತ್ತಲಲ್ಲಿ ನುಸುಳಿ ಬಂದು ಹೊಲ ನೋಡೋಣ ಅಂದರೆ ಅದಕ್ಕೂ ಉಪಾಯ ಇತ್ತು. ಬಿದ್ದ ಕೂಡಲೇ ಸಿಡಿಯದೆ ಗಂಟೆಗಟ್ಟಲೆ ತಡೆದು ಸಿಡಿಯುವ ಬಾಂಬುಗಳನ್ನು ಹಾಕಿ ಹೋಗುತ್ತಿದ್ದರು. ಯಾವುದು ಯಾವಾಗ ಸಿಡಿಯುತ್ತೆ ಅಂತ ಗೊತ್ತಿಲ್ಲದ ಹೊಲದಲ್ಲಿ ಯಾರು ಕುಯ್ಲು ಮಾಡ್ತಾರೆ?

ಇಲ್ಲಿ ನನಗೆ ಕಣ ಕಣ್ಮುಂದೆ ಬರುತ್ತೆ. ರಾಗಿ ಕುಯ್ದು ಮೆದೆ ಹಾಕಿದ ಮೇಲೆ ಮಳೆ ಮೋಡ ಕಂಡರೆ ನಮ್ಮೂರಲ್ಲಿ ಊರಿಗೆ ಊರೇ ಎದ್ದು ಕೂರುತ್ತಿತ್ತು. ಒಂದು ರಾತ್ರಿ ತಪ್ಪಿದರೆ ವರ್ಷದ ಊಟ ಹೋಯಿತು. ಹಸು ಕರು ಹಾಕುವ ಹಾಗಿದ್ದರೆ ಮನೆಯವರು ಮದುವೆಗೂ ಹೋಗುತ್ತಿರಲಿಲ್ಲ. ಇಂಥ ಬದುಕಿಗೆ "ಒಂದು ದಿನ ಗಡುವು ಕೊಟ್ಟಿದ್ದೀವಿ, ಜಾಗ ಖಾಲಿ ಮಾಡಿ" ಅಂದರೆ ಏನರ್ಥ? ನಡೆಯೋಕಾಗದ ಮುದುಕಿಯನ್ನು ಬೆಟ್ಟ ಹತ್ತಿಸೋದು ಯಾರು? ಇವತ್ತೋ ನಾಳೆಯೋ ಹೆರುವ ಹಾಗಿರುವ ಹೆಂಗಸು? ಮೇಕೆಗಳನ್ನು ಕರೆದುಕೊಂಡು ಹೋದರೆ ಗುಹೆಯಲ್ಲಿ ಅವಕ್ಕೆ ನೀರು? ಚೀಟಿ ಅಚ್ಚು ಮಾಡಿಸಿದವರ ಮನಸ್ಸಿಗೆ ಈ ಪ್ರಶ್ನೆಗಳು ಬರಲೇ ಇಲ್ಲ ಅಂತ ನಾನು ಹೇಳಲಾರೆ. ಬಂದೇ ಇರುತ್ತವೆ. ಬದುಕು ನಡೆಯದ ಹಾಗೆ ಮಾಡುವುದೇ ಅಲ್ಲಿ ಕೆಲಸವಾಗಿತ್ತಲ್ಲ.

ಇನ್ನು ಓದು. ಆ ಕಣಿವೆಗಳಲ್ಲಿ ಓದು ಬರುವವರು ಬಹಳ ಕಡಿಮೆ. ಮುಲ್ಲಾನ ಹತ್ತಿರ ಒಯ್ಯಬೇಕು. ಮುಲ್ಲಾ ಪಕ್ಕದ ಕಣಿವೆಯಲ್ಲಿದ್ದರೆ ಅರ್ಧ ದಿನದ ನಡಿಗೆ. ಚೀಟಿ ಹಳ್ಳಿಯಲ್ಲೇ ಬಿತ್ತು ಅಂತಲೂ ಇಲ್ಲ, ಗಾಳಿ ಎತ್ತ ಒಯ್ದರೆ ಅತ್ತ. ಅಲ್ಲೂ ಮಕ್ಕಳು ಮೊದಲು ಓಡಿರುತ್ತಾರೆ. ಕೆಂಪು ಕಾಗದ ಸಿಕ್ಕವನು ಬಿಳಿ ಸಿಕ್ಕವನ ಮುಂದೆ ಮೆರೆದಿರುತ್ತಾನೆ. ಮಕ್ಕಳು ಎಲ್ಲ ಕಡೆ ಒಂದೇ ಥರ ಅಲ್ವಾ.

ವಾಯುಪಡೆಯ ಪರವಾಗಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹಳೆಯ ಪದ್ಧತಿಯೂ ಭೀಕರವಾಗಿತ್ತು. ಚರ್ಚಿಲ್ ಕಂಡ ಹಾಗೆ ಸೈನ್ಯ ನಡೆದು ಹೋಗಿ ಊರು ಸುಡುತ್ತಿತ್ತು, ಎರಡೂ ಕಡೆ ನೂರಾರು ಜನ ಸಾಯುತ್ತಿದ್ದರು. ವಿಮಾನದಿಂದ ಸಾವು ಕಡಿಮೆ ಅಂತ ಅವರು ವಾದಿಸಿದರು. ಇರಬಹುದು ಕೂಡ. ಆದರೆ ಊರು ಸುಡುವ ಸಿಪಾಯಿ ಆ ಊರಿಗೆ ಹೋಗಬೇಕಿತ್ತು. ಬಾಗಿಲು ಒದೆಯುವಾಗ ಒಳಗೆ ಯಾರಿದ್ದಾರೆ ಅಂತ ನೋಡಬೇಕಿತ್ತು. ಕೆಲವರಾದರೂ ರಾತ್ರಿ ನಿದ್ದೆ ಬರದೆ ಒದ್ದಾಡಿರುತ್ತಾರೆ, ಅದನ್ನು ಬರೆದಿಟ್ಟಿರುತ್ತಾರೆ. ಮೇಲಿಂದ ಹಾಕುವವನಿಗೆ ಹೊಗೆ ಕಾಣುತ್ತೆ, ಅಷ್ಟೆ. ಇರಾಕಿನಲ್ಲಿ 45ನೇ ಸ್ಕ್ವಾಡ್ರನ್ ನಡೆಸಿದ ಆರ್ಥರ್ ಹ್ಯಾರಿಸ್ 1924ರಲ್ಲಿ ಒಂದು ವರದಿ ಬರೆದ. ನಾಲ್ಕೈದು ವಿಮಾನ ಹೋದರೆ 45 ನಿಮಿಷದಲ್ಲಿ ಒಂದು ದೊಡ್ಡ ಹಳ್ಳಿಯನ್ನು ಅಳಿಸಿಹಾಕಿ, ಅದರ ಮೂರನೇ ಒಂದು ಪಾಲು ಜನರನ್ನು ಕೊಲ್ಲಬಹುದು ಅಥವಾ ಗಾಯಗೊಳಿಸಬಹುದು, ಅರಬರಿಗೂ ಕುರ್ದರಿಗೂ ಈಗ ಅದು ಗೊತ್ತಾಗಿದೆ ಅಂತ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಊರುಗಳ ಮೇಲೆ ಬಾಂಬ್ ಸುರಿಸಿದ ಪಡೆಯನ್ನು ನಡೆಸಿದವನೂ ಇದೇ ಹ್ಯಾರಿಸ್. ಕಲಿತದ್ದು ಇಲ್ಲಿ.

1932ರಿಂದ ಜಿನೀವಾದಲ್ಲಿ ದೇಶಗಳೆಲ್ಲ ಸೇರಿ ಬಾಂಬ್ ದಾಳಿಯನ್ನೇ ನಿಷೇಧಿಸಬೇಕು ಅಂತ ಮಾತುಕತೆ ನಡೆಸಿದವು. ಬ್ರಿಟನ್ ಒಪ್ಪಿತು, ಆದರೆ ಒಂದು ಷರತ್ತು ಹಾಕಿತು. ದೂರದ ಕೆಲವು ಪ್ರದೇಶಗಳಲ್ಲಿ ಪೊಲೀಸ್ ಕೆಲಸಕ್ಕೆ ಮಾತ್ರ ವಿನಾಯಿತಿ ಬೇಕು ಅಂತ. ದೂರದ ಪ್ರದೇಶ! ಯಾರಿಂದ ದೂರ?

ಇನ್ನೊಂದು ಚೀಟಿ

ವೈಮಾನಿಕರ ಜೇಬಿನಲ್ಲೂ ಒಂದು ಚೀಟಿ ಇರುತ್ತಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇರಾಕಿನಲ್ಲೂ ವಾಯವ್ಯ ಗಡಿಯಲ್ಲೂ ಹಾರುವವರಿಗೆ ಆಯಾ ಸೀಮೆಯ ಭಾಷೆಯಲ್ಲಿ ಅಚ್ಚು ಮಾಡಿದ ಒಂದು ಕಾಗದ ಕೊಡುತ್ತಿದ್ದರು. ಈ ಮನುಷ್ಯನನ್ನು ಅಂಗಾಂಗ ಕತ್ತರಿಸದೆ, ಜೀವಸಹಿತ ಹತ್ತಿರದ ಠಾಣೆಗೆ ತಂದು ಒಪ್ಪಿಸಿದರೆ ದೊಡ್ಡ ಬಹುಮಾನ ಕೊಡುತ್ತೇವೆ ಅಂತ ಅದರಲ್ಲಿ ಬರೆದಿರುತ್ತಿತ್ತು. ವಿಮಾನ ಕೆಟ್ಟು ಕೆಳಗಿಳಿದರೆ ಇದನ್ನು ತೋರಿಸಬೇಕು. ವೈಮಾನಿಕರು ತಮ್ಮತಮ್ಮಲ್ಲಿ ಇದಕ್ಕೆ ಗೂಲಿ ಚಿಟ್ ಅನ್ನುತ್ತಿದ್ದರು. ಚಿಟ್ ಅಂದರೆ ನಮ್ಮ ಚೀಟಿಯೇ. ಮೊದಲ ಪದ ನಮ್ಮ ಗೋಲಿಯ ಕಡೆಯದು, ಯಾವುದನ್ನು ಕಳೆದುಕೊಳ್ಳುವ ಭಯ ಅವರಿಗಿತ್ತು ಅಂತ ಅದರಲ್ಲೇ ತಿಳಿಯುತ್ತೆ.

ಯೋಚನೆ ಮಾಡಿ. ನಿನ್ನೆ ನಿಮ್ಮ ಮನೆ ಕೆಡವಿದವನು ಇವತ್ತು ನಿಮ್ಮ ಹೊಲದಲ್ಲಿ ಬಿದ್ದಿದ್ದಾನೆ. ಕಾಲು ಮುರಿದಿದೆ. ಜೇಬಿನಿಂದ ಕಾಗದ ತೆಗೆದು ನಿಮ್ಮ ಮುಂದೆ ಹಿಡಿಯುತ್ತಾನೆ. ಆ ಕಾಗದವನ್ನು ನೀವು ಓದಬೇಕು, ನಂಬಬೇಕು, ಅವನನ್ನು ಹೊತ್ತುಕೊಂಡು ಹೋಗಬೇಕು. ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ಕಾಗದ, ಇವನ ಪ್ರಾಣಕ್ಕೆ ಇಷ್ಟು ಬೆಲೆ ಅಂತ. ಕಾಗದಕ್ಕೆ ಆ ಮಟ್ಟಿನ ಜವಾಬ್ದಾರಿ ಇದೆ ಅಂತ ಅವರಿಗೆ ಗೊತ್ತಿತ್ತು. ಹೀಗೆ ಸಿಕ್ಕಿಬಿದ್ದ ಎಷ್ಟೋ ವೈಮಾನಿಕರನ್ನು ಹಳ್ಳಿಯವರು ನೋಡಿಕೊಂಡು, ಉಣ್ಣಿಸಿ, ವಾಪಸ್ ಕಳಿಸಿದ್ದೂ ಇದೆ. ಬಹುಮಾನಕ್ಕಾಗಿ ಅನ್ನಬಹುದು. ಮನೆಗೆ ಬಂದವನನ್ನು ಕಾಯಬೇಕು ಅನ್ನುವ ಅವರ ಪಖ್ತೂನ್ ಮರ್ಯಾದೆಗಾಗಿ ಅಂತಲೂ ಅನ್ನಬಹುದು.

ದಿವಾನಿಯಾದ ಆಸ್ಪತ್ರೆ

ಕೆಳಗಿಳಿದು ನೋಡಿದವನು ಒಬ್ಬ ಇದ್ದ. ಏರ್ ಕಮೊಡೋರ್ ಲಯನಲ್ ಚಾರ್ಲ್ಟನ್. 1923ರಲ್ಲಿ ಬಾಗ್ದಾದಿಗೆ ವಾಯುಪಡೆಯ ಹಿರಿಯ ಸ್ಟಾಫ್ ಅಧಿಕಾರಿಯಾಗಿ ಬಂದ. ಅಲ್ಲಿಯವರೆಗೆ ಅವನೂ ಎಲ್ಲರಂತೆ ಸೈನಿಕನೇ. ಬೋಯರ್ ಯುದ್ಧ ನೋಡಿದ್ದ, ಫ್ರಾನ್ಸಿನಲ್ಲಿ ಮಹಾಯುದ್ಧ ನೋಡಿದ್ದ. ಬಂದ ಹೊಸತರಲ್ಲಿ ದಿವಾನಿಯಾ ಅನ್ನುವ ಊರಿನ ಆಸ್ಪತ್ರೆಗೆ ಸುಮ್ನೆ ಭೇಟಿ ಕೊಟ್ಟ. ಅಲ್ಲಿ ಮಂಚಗಳ ಮೇಲೆ ಅವನ ಪಡೆಯವರೇ ಹಾಕಿದ ಬಾಂಬಿಗೆ ಸಿಕ್ಕಿ ಗಾಯಗೊಂಡ ಊರವರು ಮಲಗಿದ್ದರು.

ಈ ಭೇಟಿ ನನ್ನನ್ನು ಬಿಟ್ಟಿಲ್ಲ. ಅವನು ತನಿಖೆಗೆ ಅಂತ ಹೋದವನಲ್ಲ. ದೊಡ್ಡ ಅಧಿಕಾರಿ ಬಂದಾಗ ಊರು ತೋರಿಸುತ್ತಾರಲ್ಲ, ಹಾಗೆ ಹೋದದ್ದು. ನಕ್ಷೆಯ ಮೇಲೆ ಇಟ್ಟ ಒಂದು ಗುರುತು ಮಂಚದ ಮೇಲೆ ಮೈ ಪಡೆದುಕೊಂಡಿತ್ತು. ಯುದ್ಧ ಘೋಷಣೆಯಾಗಿದ್ದರೆ ಬೇರೆ ಮಾತು, ಇಲ್ಲಿ ಯುದ್ಧವೇ ಇಲ್ಲ, ಹೆಂಗಸರು ಮಕ್ಕಳು ಇರುವ ಊರಿನ ಮೇಲೆ ಹೀಗೆ ಬಾಂಬ್ ಹಾಕೋದು ಹೇಗೆ ಸರಿ ಅಂತ ಅವನಿಗೆ ಅನ್ನಿಸಿತು. ಆಮೇಲೆ ಕುರ್ದರ ಸುಲೈಮಾನಿಯಾದ ಮೇಲಿನ ದಾಳಿಯ ವಿಷಯದಲ್ಲೂ ಮೇಲಿನವರ ಜೊತೆ ಭಿನ್ನಾಭಿಪ್ರಾಯ ಬಂತು. ಈ ಕೆಲಸದಿಂದ ನನ್ನನ್ನು ಬಿಡಿಸಿ ಅಂತ ಕೇಳಿಕೊಂಡ. 1924ರಲ್ಲಿ ಇಂಗ್ಲೆಂಡಿಗೆ ವಾಪಸ್ ಕಳಿಸಿದರು. ಗಲಾಟೆ ಆಗಲಿಲ್ಲ, ವಿಚಾರಣೆ ಆಗಲಿಲ್ಲ. 1928ರಲ್ಲಿ ನಿವೃತ್ತನಾದ. 1931ರಲ್ಲಿ ಆತ್ಮಕಥೆ ಬರೆದ. ಅದರಲ್ಲಿ ಎಲ್ಲೂ "ನಾನು" ಅಂತ ಬರೆಯಲಿಲ್ಲ, ತನ್ನನ್ನೇ "ಅವನು" ಅಂತ ಕರೆದುಕೊಂಡ. ಯಾಕೆ ಹಾಗೆ ಬರೆದನೋ. ಆಸ್ಪತ್ರೆಯ ಆ ಕೋಣೆಗೆ ಹೋದವನನ್ನು ಹೊರಗೆ ನಿಂತು ನೋಡಿದರೆ ಮಾತ್ರ ಬರೆಯೋಕೆ ಆಗುತ್ತಿತ್ತೋ ಏನೋ.

ಅಷ್ಟು ಜನ ಅಧಿಕಾರಿಗಳಲ್ಲಿ ಅವನೊಬ್ಬನಿಗೇ ಕರುಳಿತ್ತು ಅಂತ ನನಗನ್ನಿಸೋದಿಲ್ಲ. ಉಳಿದವರು ಕೆಟ್ಟವರೇನಲ್ಲ. ಎಷ್ಟೋ ಜನ ಮನೆಗೆ ಪ್ರೀತಿಯಿಂದ ಕಾಗದ ಬರೆಯುತ್ತಿದ್ದ ಹುಡುಗರು. ಅವರಿಗೆ ಆಸ್ಪತ್ರೆ ದಾರಿಯಲ್ಲಿ ಸಿಗಲಿಲ್ಲ, ಚೀಟಿ ಹಾಕಿದ್ದೇವೆ ಅನ್ನುವ ಸಮಾಧಾನ ಇತ್ತು. ಚೀಟಿಯನ್ನು ಕೆಳಗಿನವರು ಓದಿದರೋ ಇಲ್ಲವೋ, ಮೇಲಿದ್ದವರು ಮಾತ್ರ ಚೆನ್ನಾಗಿ ಓದಿಕೊಂಡಿದ್ದರು. ಅಜ್ಜಿಯ ಹೆಬ್ಬೆಟ್ಟು ಕೂಡ ಆ ಕಚೇರಿಯ ಫೈಲಿನಲ್ಲಿ ಇಂಥದೇ ಕೆಲಸ ಮಾಡಿತು.

ಚೀಟಿಯೇ ಇಲ್ಲದ ಕಡೆ

ಚೀಟಿ ಬೀಳದೆ ಬಾಂಬ್ ಬಿದ್ದದ್ದೂ ಇದೆ. ಜಲಿಯನ್‌ವಾಲಾ ಬಾಗ್ ನಮಗೆಲ್ಲ ಪಾಠದಲ್ಲಿತ್ತು. ಅದರ ಮರುದಿನ, 1919ರ ಏಪ್ರಿಲ್ 14ರಂದು ಪಂಜಾಬಿನ ಗುಜ್ರಾನ್‌ವಾಲಾದಲ್ಲಿ ನಡೆದದ್ದು ಪಾಠದಲ್ಲಿರಲಿಲ್ಲ. ಅಲ್ಲಿ ಜನ ಸಿಟ್ಟಿನಿಂದ ರೈಲು ನಿಲ್ದಾಣಕ್ಕೆ, ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಇಟ್ಟಿದ್ದರು. ಲಾಹೋರಿನಿಂದ ವಿಮಾನ ಕಳಿಸಿದರು. ಊರಿನ ಮೇಲೆ, ಹೊರವಲಯದ ಹಳ್ಳಿಗಳ ಜನರ ಮೇಲೆ, ಖಾಲ್ಸಾ ಶಾಲೆಯ ಹಾಸ್ಟೆಲ್ ಬಳಿ ಬಾಂಬ್ ಹಾಕಿದರು, ಮಷೀನ್ ಗನ್ನಿನಿಂದ ಗುಂಡು ಹಾರಿಸಿದರು. ಪಂಜಾಬಿನ ಗಲಭೆಯ ವಿಚಾರಣೆಗೆ ಕೂತ ಹಂಟರ್ ಸಮಿತಿಯ ಮುಂದೆ ಬಾಂಬ್ ಹಾಕಿದ ಪೈಲಟ್ ಮೇಜರ್ ಕಾರ್ಬೆರಿಯನ್ನು ಪ್ರಶ್ನೆ ಮಾಡಿದಾಗ, ಅವರ ಒಳ್ಳೆಯದಕ್ಕೇ ಹೀಗೆ ಮಾಡಿದೆ, ಕೆಲವರು ಸತ್ತರೆ ಮತ್ತೆ ಗುಂಪು ಕಟ್ಟೋದಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟ. ಶಾಲೆ ಹಾಸ್ಟೆಲ್ ಅಂದರೆ ನನಗೆ ಅಲ್ಲೇ ನಿಂತುಹೋಗುತ್ತೆ. ನಾನು ಏಳು ವರ್ಷ ಹಾಸ್ಟೆಲಿನಲ್ಲಿ ಬೆಳೆದವನು.

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಹೊತ್ತಿಕೊಂಡಾಗ ವೈಸರಾಯ್ ಲಿನ್‌ಲಿತ್‌ಗೋ ರೈಲ್ವೆ ಹಳಿ ಕೀಳುವವರ ಮೇಲೆ ವಿಮಾನದಿಂದ ಗುಂಡು ಹಾರಿಸೋಕೆ ಅನುಮತಿ ಕೊಟ್ಟ. ಬಿಹಾರ, ಬಂಗಾಳ, ಒರಿಸ್ಸಾದ ತಾಲ್ಚೇರಿನಲ್ಲಿ ಹಾಗೆ ಆಯಿತು ಅಂತ ಸರ್ಕಾರವೇ ಆಮೇಲೆ ಒಪ್ಪಿಕೊಂಡಿತು.

ಇನ್ನು ಹೇಳೋದು ಕಷ್ಟದ ಮಾತು. ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಶುರುವಾಯಿತು. ನಾಲ್ಕು ವಾಪಿಟಿ ವಿಮಾನ, ಬೆರಳೆಣಿಕೆಯ ಭಾರತೀಯ ಪೈಲಟ್‌ಗಳು. ಅವರು ಕೆಲಸ ಕಲಿತದ್ದು ವಜೀರಿಸ್ತಾನದ ಮಿರಾನ್‌ಶಾದಿಂದ ಹಾರಿ. ಮುಂದೆ ವಾಯುಪಡೆಯ ಮುಖ್ಯಸ್ಥರಾದ ಅರ್ಜನ್ ಸಿಂಗ್ ಅವರ ವಿಮಾನ 1940ರಲ್ಲಿ ಬುಡಕಟ್ಟಿನವರ ಗುಂಡಿಗೆ ಸಿಕ್ಕಿ ಬಿದ್ದದ್ದೂ ಅದೇ ಬೆಟ್ಟಗಳಲ್ಲಿ. ಅವರ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಯಲಹಂಕದ ಏರ್ ಶೋಗೆ ನಾನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೇನೆ, ಎದೆ ಉಬ್ಬಿಸಿಕೊಂಡು ಬಂದಿದ್ದೇನೆ. ಆದರೆ 1966ರ ಮಾರ್ಚ್ 5ರಂದು ಮಿಜೋ ಬಂಡಾಯ ಅಡಗಿಸೋಕೆ ಐಜಾಲ್ ಪಟ್ಟಣದ ಮೇಲೆ ನಮ್ಮದೇ ವಿಮಾನಗಳು ದಾಳಿ ಮಾಡಿದವು. ಮನೆಗಳು ಉರಿದವು. ಜನ ಕಾಡಿಗೆ ಓಡಿದರು. ವಿಮಾನ ಹೋದದ್ದು ಸಾಮಾನು, ಸೈನಿಕರನ್ನು ಇಳಿಸೋಕೆ ಅಂತ ಆಗ ದೆಹಲಿಯಿಂದ ಹೇಳಿದರು. ಬ್ರಿಟಿಷರು ಹೋಗಿ 19 ವರ್ಷ ಆಗಿತ್ತು. ನಾನು ಕೆಲಸ ಮಾಡುತ್ತಿದ್ದ ಕಡೆ ಐಜಾಲಿನ ಹುಡುಗಿಯೊಬ್ಬಳಿದ್ದಳು. ಏರ್ ಶೋ ರಿಹರ್ಸಲ್ ನಡೆಯುವ ದಿನಗಳಲ್ಲಿ ನಾವೆಲ್ಲ ಟೆರೇಸಿಗೆ ಓಡುತ್ತಿದ್ದೆವು. ಅವಳು ಬರುತ್ತಿರಲಿಲ್ಲ. ಒಮ್ಮೆ ಕರೆದೆ. "ನಮ್ಮಜ್ಜಿ ವಿಮಾನದ ಸದ್ದು ಕೇಳಿದರೆ ಇವತ್ತಿಗೂ ಒಲೆ ಆರಿಸ್ತಾರೆ ಸಾರ್" ಅಂದಳು. ಹೊಗೆ ಕಾಣಬಾರದು ಅಂತ. ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು?

ವಜೀರಿಸ್ತಾನದ ಕಣಿವೆಗಳ ಮೇಲೆ 2004ರಿಂದ ಎಷ್ಟೋ ವರ್ಷ ಅಮೆರಿಕದ ಡ್ರೋನ್‌ಗಳು ಸುತ್ತಿದವು. ಅದೇ ಬೆಟ್ಟ, ಅದೇ ಪಂಗಡಗಳು. ಪೈಲಟ್ ಇರುತ್ತಿದ್ದದ್ದು ಸಾವಿರಾರು ಮೈಲಿ ದೂರದಲ್ಲಿ, ಹಾಗಾಗಿ ಅವನ ಜೇಬಿಗೆ ಚೀಟಿ ಬೇಕಾಗಿರಲಿಲ್ಲ. ಕೆಳಗಿನವರಿಗೂ ಚೀಟಿ ಇರಲಿಲ್ಲ.

ಹಂಡೆ ವಾಪಸ್ ಬರಲಿಲ್ಲ. ಹರಾಜಿನಲ್ಲಿ ಯಾರೋ ಕೊಂಡರು. ಅಪ್ಪ ಆಮೇಲೆ ಅಲ್ಯೂಮಿನಿಯಂದು ತಂದರು, ಆದರೆ ಅಜ್ಜಿ ಕೊನೆಯವರೆಗೂ ಅದರಲ್ಲಿ ಕಾದ ನೀರು ಮೈಗೆ ಹಿತ ಅಲ್ಲ ಅನ್ನುತ್ತಿದ್ದಳು. ಸೂರಿನ ಸಂದಿಗೆ ಕಾಗದ ಸಿಕ್ಕಿಸೋದನ್ನು ಬಿಟ್ಟಳು. ಮನೆಗೆ ಬಂದ ಪ್ರತಿಯೊಂದು ಚೂರನ್ನೂ ನನ್ನ ಕೈಲಿ ಓದಿಸುತ್ತಿದ್ದಳು. ಕಡ್ಲೇಕಾಯಿ ಕಟ್ಟಿದ ಪೇಪರ್, ಔಷಧದ ಡಬ್ಬಿಯ ಒಳಗಿನ ಕಾಗದ, ಮದುವೆ ಪತ್ರಿಕೆ, ಎಲ್ಲ. ಟಾಕೀಸಿನ ಜೀಪು ಬಂದರೆ ನಾನು ಮೊದಲಿನ ಹಾಗೇ ಓಡುತ್ತಿದ್ದೆ, ಗುಲಾಬಿ ನೋಟೀಸು ಹಿಡಿದುಕೊಂಡು ಬರುತ್ತಿದ್ದೆ. ಪಿಕ್ಚರ್ ಯಾವುದು, ಹೀರೋ ಯಾರು ಅಂತ ಅವಳು ಕೇಳುತ್ತಿರಲಿಲ್ಲ. ಮೊರ ಕೇರುತ್ತಿದ್ದ ಕೈ ನಿಲ್ಲಿಸಿ, "ತಾರೀಕು ಯಾವತ್ತಿಂದೈತೆ ನೋಡು ಮಗ, ದಾಟೈತಾ?" ಅನ್ನುತ್ತಿದ್ದಳು.